ಹಳೆಯ ಎಂಜಿಬಿ: ಕಟಕಟ ಶಬ್ದವೂ ನಂಬಲಾಗದ ಮೀಟರ್‌ಗಳೂ

2024 ನವೆಂಬರ್ 17, ಭಾನುವಾರ

ನನ್ನ 1966ರ ಎಂಜಿಬಿಯ (ಬ್ರಿಟನ್ನಿನ ಎಂಜಿ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು) ಎಂಜಿನ್ನಿನಿಂದ ಬರುತ್ತಿದ್ದ ಕಟಕಟ ಶಬ್ದದ ಮೂಲ ಇಂದು ಸಿಕ್ಕಿತು. ಡ್ಯಾಶ್‌ಬೋರ್ಡಿನ ಮೀಟರ್‌ಗಳ ಕೆಲಸವೂ ಬಹುಮಟ್ಟಿಗೆ ಮುಗಿಯಿತು. ಇವೆರಡನ್ನೂ ಬೇರೆ ಬೇರೆ ಕೆಲಸಗಳೆಂದೇ ಪಟ್ಟಿಯಲ್ಲಿ ಬರೆದುಕೊಂಡಿದ್ದೆನಾದರೂ, ಒಂದನ್ನು ಮುಗಿಸದೆ ಇನ್ನೊಂದು ಬಗೆಹರಿಯದು ಎಂಬುದು ಮಾಡುತ್ತ ಹೋದಂತೆ ಸ್ಪಷ್ಟವಾಯಿತು. ಎಂಜಿನ್ನಿನ ಒಳಗೆ ಏನು ನಡೆಯುತ್ತಿದೆ ಎಂಬುದಕ್ಕೆ ಇಂಥ ಹಳೆಯ ಕಾರಿನಲ್ಲಿ ಕಂಪ್ಯೂಟರಿನ ಸಾಕ್ಷ್ಯ ಸಿಗುವುದಿಲ್ಲ. ಕಿವಿ ಇದೆ, ಮೀಟರಿನ ಮುಳ್ಳು ಇದೆ. ಮುಳ್ಳು ತಪ್ಪು ತೋರಿಸುತ್ತಿದ್ದರೆ ಕಿವಿಗೆ ಬಿದ್ದ ಸಣ್ಣ ಶಬ್ದವೂ ದೊಡ್ಡ ರೋಗದ ಲಕ್ಷಣವಾಗಿ ಕೇಳಿಸತೊಡಗುತ್ತದೆ.

ಶಬ್ದದ ಸ್ವರೂಪ ಹೀಗಿತ್ತು. ತಣ್ಣಗಿರುವ ಎಂಜಿನ್ ಚಾಲೂ ಮಾಡಿದೊಡನೆ ಬಾನೆಟ್ಟಿನ ಕೆಳಗಿನಿಂದ ಗಟ್ಟಿಯಾದ, ಒಂದೇ ಲಯದ ಕಟಕಟ ಕೇಳಿಸುತ್ತಿತ್ತು; ಆಕ್ಸಿಲರೇಟರ್ ಒತ್ತಿದರೆ ಲಯ ಚುರುಕಾಗುತ್ತಿತ್ತು; ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅದು ಬಹಳ ಮಟ್ಟಿಗೆ ಅಡಗುತ್ತಿತ್ತು. ನಿಂತಲ್ಲೇ ಕೇಳಿಸುವುದರಿಂದ ಚಕ್ರ, ಆಕ್ಸಲ್, ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಆರಂಭದಲ್ಲೇ ಕೈಬಿಡಬಹುದಾಗಿತ್ತು. ಕ್ಲಚ್ ಒತ್ತಿದರೂ ಬಿಟ್ಟರೂ ವ್ಯತ್ಯಾಸವಾಗದ ಕಾರಣ ಗೇರ್‌ಬಾಕ್ಸಿನ ಮುಂಭಾಗದ ಬೇರಿಂಗೂ ಕ್ಲಚ್ ರಿಲೀಸ್ ಬೇರಿಂಗೂ ಲೆಕ್ಕದಿಂದ ಹೊರಗಾದವು. ಫ್ಯಾನ್ ಬೆಲ್ಟ್ ಬಿಚ್ಚಿ ಅರೆನಿಮಿಷ ಓಡಿಸಿದಾಗಲೂ ಶಬ್ದ ಹಾಗೆಯೇ ಇದ್ದುದರಿಂದ ಡೈನಮೋ ಮತ್ತು ವಾಟರ್ ಪಂಪ್‌ಗಳ ಮೇಲಿನ ಅನುಮಾನವೂ ಹೋಯಿತು. ಅಲ್ಲಿಗೆ ಉಳಿದದ್ದು ಎಂಜಿನ್ನೇ.

ನಿಜವಾದ ಗಾಬರಿ ಹುಟ್ಟಿಸಿದ್ದು ಶಬ್ದವಲ್ಲ, ಆಯಿಲ್ ಪ್ರೆಶರ್ ಗೇಜ್. ಈ 1798 ಸಿಸಿ ಎಂಜಿನ್ನಿಗೆ ಓಡುವಾಗ ಚದರ ಇಂಚಿಗೆ 50ರಿಂದ 80 ಪೌಂಡ್, ಐಡ್ಲಿಂಗ್‌ನಲ್ಲಿ 10ರಿಂದ 25 ಪೌಂಡ್ ಒತ್ತಡ ಇರಬೇಕೆಂದು ಕೈಪಿಡಿ ಹೇಳುತ್ತದೆ. ನನ್ನ ಗೇಜಿನ ಮುಳ್ಳು ಬಿಸಿ ಎಂಜಿನ್ನಿನಲ್ಲಿ, ಒಳ್ಳೆಯ ವೇಗದಲ್ಲಿ ಹೋಗುವಾಗಲೂ 30ರ ಆಸುಪಾಸಿನಲ್ಲೇ ತೂಗಾಡುತ್ತಿತ್ತು. ಕಡಿಮೆ ಒತ್ತಡ, ಜೊತೆಗೆ ಲಯಬದ್ಧ ಕಟಕಟ: ಇವೆರಡನ್ನು ಕೂಡಿಸಿದರೆ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿನ ಬೇರಿಂಗ್) ಸವೆದಿದೆ ಎಂಬ ತೀರ್ಮಾನಕ್ಕೆ ಯಾರಾದರೂ ಬರುತ್ತಾರೆ, ಎಷ್ಟೋ ಜನ ಅಲ್ಲಿಗೇ ಸಂಪ್ (ಎಂಜಿನ್ನಿನ ತಳದ ಎಣ್ಣೆ ತಟ್ಟೆ) ಬಿಚ್ಚಲು ಕೂರುತ್ತಾರೆ. ನನಗೆ ಅಡ್ಡಬಂದದ್ದು ಒಂದೇ ಸಂಗತಿ. ಬಿಸಿಯಾದಂತೆ ಎಣ್ಣೆ ತೆಳುವಾಗುವುದರಿಂದ ಸವೆದ ಬೇರಿಂಗಿನ ಬಡಿತ ಹೆಚ್ಚಬೇಕು. ಇಲ್ಲಿ ಅದು ಕಡಿಮೆಯಾಗುತ್ತಿತ್ತು.

ಹೀಗಾಗಿ ಮೊದಲು ಗೇಜನ್ನೇ ಪರೀಕ್ಷಿಸುವುದೆಂದು ನಿರ್ಧರಿಸಿದೆ. ಈ ಕಾರಿನಲ್ಲಿ ಎಣ್ಣೆಯ ಒತ್ತಡ ಮತ್ತು ನೀರಿನ ಉಷ್ಣತೆ ಎರಡನ್ನೂ ತೋರಿಸುವುದು ಸ್ಮಿತ್ಸ್ ಕಂಪನಿಯ ಒಂದೇ ಗೇಜ್. ಅದರ ಒತ್ತಡದ ಭಾಗಕ್ಕೆ ವಿದ್ಯುತ್ತಿನ ಸಂಪರ್ಕವೇ ಇಲ್ಲ. ಎಂಜಿನ್ನಿನ ಎಣ್ಣೆ ಸಣ್ಣ ಕೊಳವೆಯಲ್ಲಿ ಡ್ಯಾಶ್‌ಬೋರ್ಡಿನ ತನಕ ಬಂದು, ಬಾಗಿದ ಚಪ್ಪಟೆ ಲೋಹದ ನಳಿಕೆಯೊಂದನ್ನು ಸ್ವಲ್ಪ ನೆಟ್ಟಗಾಗಿಸುತ್ತದೆ, ಆ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಇಂದಿಗೂ ಮುಳ್ಳಿನ ಒತ್ತಡ ಮಾಪಕಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಬ್ಲಾಕಿನಿಂದ ಎಣ್ಣೆ ಹೊರಬರುವ ಜಾಗದಲ್ಲೇ ಟೀ ಜಾಯಿಂಟ್ ಕೂರಿಸಿ, ಸರಿಯಿದೆಯೆಂದು ಖಾತ್ರಿಯಿರುವ ವರ್ಕ್‌ಶಾಪ್ ಗೇಜನ್ನು ಜೋಡಿಸಿ ನೋಡಿದಾಗ, ಕಾರಿನ ಮುಳ್ಳು 30 ಎನ್ನುತ್ತಿದ್ದ ಹೊತ್ತಿನಲ್ಲಿ ಅದು 55 ತೋರಿಸಿತು. ಒತ್ತಡದ ವಿಷಯದಲ್ಲಿ ಎಂಜಿನ್ ಆರೋಗ್ಯವಾಗಿಯೇ ಇತ್ತು. ಬ್ಲಾಕಿಗೂ ಕೊಳವೆಗೂ ನಡುವಿನ ರಬ್ಬರ್ ಹೋಸನ್ನೂ ಅದೇ ಸಮಯದಲ್ಲಿ ಹೊಸದಕ್ಕೆ ಬದಲಿಸಿದೆ. ಹಳೆಯ ಹೋಸ್ ಒಡೆದರೆ ಎಂಜಿನ್ ತನ್ನ ಎಣ್ಣೆಯನ್ನೆಲ್ಲ ತಾನೇ ಹೊರಗೆ ಚೆಲ್ಲಿಕೊಳ್ಳುತ್ತದೆ. ಗೇಜ್ ಚೆನ್ನಾಗಿದ್ದರೂ ಇಲ್ಲದಿದ್ದರೂ ಇದನ್ನು ಮಾಡಲೇಬೇಕು.

ಮುಂದಿನ ಪ್ರಶ್ನೆ, ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕಿನ ಒಂದು ಸುತ್ತಿಗೆ ಎಷ್ಟು ಬಾರಿ ಕಟ್ ಎನ್ನುತ್ತದೆ ಎಂಬುದು. ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತ ವಾಲ್ವುಗಳನ್ನು ತೆರೆಯುವುದರಿಂದ, ವಾಲ್ವನ್ನು ತಳ್ಳುವ ಒಂದು ಟ್ಯಾಪೆಟ್ ಎರಡು ಸುತ್ತಿಗೊಮ್ಮೆ ಬಡಿಯುತ್ತದೆ. ಬಿಗ್ ಎಂಡಿನದು ಕ್ರ್ಯಾಂಕಿನ ಜೊತೆಗೇ ಸಾಗುವ ಬಡಿತ. ಬರಿಯ ಕಿವಿಯಿಂದ ಇದನ್ನು ಎಣಿಸಲಾಗದು. ಟೈಮಿಂಗ್ ಲೈಟನ್ನು ಒಂದನೆಯ ಸಿಲಿಂಡರಿನ ಪ್ಲಗ್ ವೈರಿಗೆ ಸಿಕ್ಕಿಸಿದರೆ ಅದು ಎರಡು ಸುತ್ತಿಗೊಮ್ಮೆ ಮಿಂಚುತ್ತದೆ. ಐಡ್ಲಿಂಗನ್ನು ಸಾಧ್ಯವಾದಷ್ಟು ಇಳಿಸಿ, ಆ ಮಿಂಚಿನ ಲಯವನ್ನು ಕಣ್ಣಲ್ಲಿಟ್ಟುಕೊಂಡು ಕಿವಿಗೊಟ್ಟಾಗ, ಒಂದು ಮಿಂಚಿಗೆ ಎರಡು ಬಡಿತಗಳು ಸಮ ಅಂತರದಲ್ಲಿ ಕೇಳಿಸಿದವು. ಅಂದರೆ ಸುತ್ತಿಗೊಂದು. ಲೆಕ್ಕ ಮತ್ತೆ ಬಿಗ್ ಎಂಡಿನ ಕಡೆಗೇ ವಾಲಿತು.

ಅದನ್ನು ಅಲ್ಲಗಳೆದದ್ದು ಪ್ಲಗ್ ವೈರ್ ಕೀಳುವ ಹಳೆಯ ಪರೀಕ್ಷೆ. ಎಂಜಿನ್ ನಿಲ್ಲಿಸಿ ಒಂದು ವೈರನ್ನು ಕಳಚಿ, ಅದರ ತುದಿಯನ್ನು ಬ್ಲಾಕಿಗೆ ತಾಗಿರುವಂತೆ ಭದ್ರಪಡಿಸಿ, ಮತ್ತೆ ಚಾಲೂ ಮಾಡಿ ಕೇಳುವುದು. ಸವೆದ ಬಿಗ್ ಎಂಡ್ ಆಗಿದ್ದರೆ ಆಯಾ ಸಿಲಿಂಡರಿನ ವೈರ್ ಕಿತ್ತಾಗ ಬಡಿತ ಪೂರ್ತಿ ಮೆತ್ತಗಾಗಬೇಕು. ಒಂದು ಮತ್ತು ನಾಲ್ಕನೆಯ ಸಿಲಿಂಡರುಗಳಲ್ಲಿ ಏನೂ ಬದಲಾಗಲಿಲ್ಲ. ಎರಡನೆಯದನ್ನು ಕಿತ್ತಾಗ ಬಡಿತಗಳ ಸಂಖ್ಯೆ ಅರ್ಧಕ್ಕೆ ಇಳಿಯಿತು; ಅದನ್ನು ಮರಳಿ ಹಾಕಿ ಮೂರನೆಯದನ್ನು ಕಿತ್ತಾಗಲೂ ಅರ್ಧವೇ ಆಯಿತು. ಎರಡು ಸಿಲಿಂಡರುಗಳು ಪಾಲು ಹಂಚಿಕೊಂಡು ಮಾಡುವ ಶಬ್ದ ಯಾವುದು? ಈ ಎಂಜಿನ್ನಿನ ಹೆಡ್ಡಿನಲ್ಲಿ ಎರಡು ಮತ್ತು ಮೂರನೆಯ ಸಿಲಿಂಡರುಗಳಿಗೆ ಸೇರಿ ಒಂದೇ ಎಗ್ಸಾಸ್ಟ್ ದ್ವಾರ ಇದೆ. ಉರಿಯುವ ಕ್ರಮ 1-3-4-2 ಆದ್ದರಿಂದ ಮೂರಕ್ಕೂ ಎರಡಕ್ಕೂ ನಡುವೆ ಸರಿಯಾಗಿ ಒಂದು ಸುತ್ತಿನ ಅಂತರವಿರುತ್ತದೆ. ಆ ನಡುವಿನ ದ್ವಾರದ ಬಳಿ ಗ್ಯಾಸ್ಕೆಟ್ (ಸಂದು ಮುಚ್ಚುವ ತೆಳು ಹಾಳೆ) ಸೋರಿದರೆ ಸುತ್ತಿಗೊಂದು ಕಟ್ ಎಂಬ ಶಬ್ದ ಹೊರಟು, ಬೇರಿಂಗಿನ ಬಡಿತವನ್ನೇ ಅಣಕಿಸುತ್ತದೆ. ಎರಕದ ಕಬ್ಬಿಣ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುವುದರಿಂದ ಶಬ್ದವೂ ಅಡಗುತ್ತದೆ. ಎಲ್ಲ ಲಕ್ಷಣಗಳೂ ಹೊಂದಿಕೊಂಡವು.

ಖಚಿತಪಡಿಸಿಕೊಳ್ಳಲು ಉದ್ದನೆಯ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಮ್ಯಾನಿಫೋಲ್ಡಿನ (ದ್ವಾರಗಳಿಗೆ ಕೂರುವ ಕೊಳವೆಗಳ ಗೊಂಚಲು) ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಿದೆ. (ಅನಿಲ ಸೋರಿಕೆಗೆ ಲೋಹದ ಕಡ್ಡಿಯ ಸ್ಟೆತಸ್ಕೋಪಿಗಿಂತ ಇದು ಮೇಲು, ಕಡ್ಡಿ ಇಡೀ ಎಂಜಿನ್ನಿನ ಅದುರುವಿಕೆಯನ್ನು ಹೊತ್ತು ತರುತ್ತದೆ.) ನಡುವಿನ ದ್ವಾರದ ಕೆಳ ಅಂಚಿಗೆ ಬಂದಾಗ ಬಡಿತ ಕಿವಿಗೆ ಚುಚ್ಚಿತು. ಬಿಚ್ಚಿ ನೋಡಿದರೆ ಗ್ಯಾಸ್ಕೆಟ್ಟಿನ ಆ ಭಾಗದಲ್ಲಿ ಬೀಸಣಿಗೆಯಾಕಾರದ ಮಸಿ ಹರಡಿತ್ತು. ಕಾರಣವೂ ಅಲ್ಲೇ ಇತ್ತು. ಅಲ್ಯೂಮಿನಿಯಂ ಇನ್‌ಲೆಟ್ ಮ್ಯಾನಿಫೋಲ್ಡಿನ ಅಂಚನ್ನೂ ಕಬ್ಬಿಣದ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಅಂಚನ್ನೂ ಒಂದೇ ದಪ್ಪ ವಾಷರ್ ಒಟ್ಟಿಗೆ ಒತ್ತಿ ಹಿಡಿಯುತ್ತದೆ; ಎರಡರ ದಪ್ಪ ಸಮನಾಗಿಲ್ಲದಿದ್ದರೆ ವಾಷರ್ ಓರೆಯಾಗಿ, ತೆಳುವಾದ ಅಂಚು ಸಡಿಲವಾಗಿಯೇ ಉಳಿಯುತ್ತದೆ. ನಟ್ಟನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಕ್ಯಾಲಿಪರಿನಿಂದ ಅಳೆದಾಗ ಅರ್ಧ ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸ ಕಂಡಿತು. ಮೆಟ್ಟಿಲಿನಂತೆ ಕೊರೆದ ವಾಷರುಗಳನ್ನೂ ಹೊಸ ಗ್ಯಾಸ್ಕೆಟ್ಟನ್ನೂ ಹಾಕಿ ಬಿಗಿದ ಮೇಲೆ, ತಣ್ಣನೆಯ ಎಂಜಿನ್ ಕೂಡ ಇಂದು ಕಟಕಟ ಎನ್ನಲಿಲ್ಲ. ಟ್ಯಾಪೆಟ್‌ಗಳ ಸಂದನ್ನೂ 0.015 ಇಂಚಿಗೆ ಸರಿಪಡಿಸಿಬಿಟ್ಟೆ. ಪೂರ್ತಿ ತೆರೆದಿರುವ ವಾಲ್ವಿನ ಸಂಖ್ಯೆಯನ್ನು 9ರಿಂದ ಕಳೆದರೆ ಹೊಂದಿಸಬೇಕಾದ ವಾಲ್ವ್ ಯಾವುದೆಂದು ತಿಳಿಯುವ ಲೆಕ್ಕ ಇದಕ್ಕೆ ಬಹಳ ಅನುಕೂಲ.

ಇನ್ನು ಮೀಟರ್‌ಗಳು. ಡ್ಯಾಶ್‌ಬೋರ್ಡಿನಲ್ಲಿ ಎಲ್ಲವನ್ನೂ ಕಿತ್ತು ಹೊಳೆಯುವ ಹೊಸ ಮೀಟರ್‌ಗಳ ಸೆಟ್ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ, ಅದು ನೋಟದ ಪ್ರಶ್ನೆ ಮಾತ್ರವೂ ಅಲ್ಲ. ಪ್ರತಿ ಮೀಟರೂ ತನ್ನ ಸೆಂಡರಿನೊಂದಿಗೆ (ಅಳತೆಯನ್ನು ಮೀಟರಿಗೆ ಕಳಿಸುವ ಭಾಗ) ಜೋಡಿಯಾಗಿ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ರೂಢಿಯಲ್ಲಿರುವ ಫ್ಯೂಯಲ್ ಸೆಂಡರ್ ಖಾಲಿ ಟ್ಯಾಂಕಿಗೆ 240 ಓಮ್, ತುಂಬಿದ ಟ್ಯಾಂಕಿಗೆ 33 ಓಮ್ ಕೊಡುತ್ತದೆ. ವಿಡಿಒ ಕಂಪನಿಯ ಯುರೋಪಿಯನ್ ಸೆಂಡರ್ ಇದಕ್ಕೆ ತದ್ವಿರುದ್ಧವಾಗಿ 10ರಿಂದ 180ಕ್ಕೆ ಏರುತ್ತದೆ. ಮೀಟರನ್ನಷ್ಟೇ ಬದಲಿಸಿ ಸೆಂಡರನ್ನು ಹಾಗೇ ಬಿಟ್ಟರೆ ತುಂಬಿದ ಟ್ಯಾಂಕ್ ಖಾಲಿಯೆಂದು ತೋರಿಸುವ ಸ್ಥಿತಿ ಬರಬಹುದು. ಆದ್ದರಿಂದ ಹಳೆಯ ಡಯಲ್, ಹಳೆಯ ಮುಳ್ಳು, ಒಳಗಿನ ದುರ್ಬಲ ಭಾಗಗಳು ಮಾತ್ರ ಹೊಸವು ಎಂಬುದು ನನ್ನ ಪಕ್ಷ.

ಒತ್ತಡದ ಗೇಜಿನ ತಪ್ಪು ವಿಚಿತ್ರವಾಗಿತ್ತು. ಕ್ರೋಮ್ ಬಳೆಯನ್ನು ಹೆಬ್ಬೆರಳುಗಳಿಂದ ಸುತ್ತಲೂ ಒತ್ತುತ್ತ ತುಸು ತುಸುವೇ ತಿರುಗಿಸಿದರೆ ಅದರ ಹಲ್ಲುಗಳು ಡಬ್ಬಿಯ ಅಂಚಿನ ಕಚ್ಚುಗಳಿಗೆ ನೇರವಾಗಿ ಬಂದು ಕಳಚಿಕೊಳ್ಳುತ್ತದೆ. ಸೊನ್ನೆಯ ಬಳಿ ಮುಳ್ಳನ್ನು ತಡೆಯುವ ಸಣ್ಣ ಮೊಳೆಯೊಂದಿದೆ. ಮುಳ್ಳನ್ನು ಆ ಮೊಳೆಯ ಮೇಲಿನಿಂದ ಎತ್ತಿ ದಾಟಿಸಿದಾಗ ಅದು ಸೊನ್ನೆಗಿಂತ ಬಹಳ ಕೆಳಗೆ ಹೋಗಿ ನಿಂತಿತು. ಅಂದರೆ ಮುಳ್ಳು ತನ್ನ ದಂಡದ ಮೇಲೆ ಜಾರಿತ್ತು, ಎಂಜಿನ್ ನಿಂತಾಗ ಮೊಳೆ ಅದನ್ನು ಸೊನ್ನೆಯಲ್ಲೇ ಹಿಡಿದಿಟ್ಟು ದೋಷವನ್ನು ಮರೆಮಾಚುತ್ತಿತ್ತು. ಸೊನ್ನೆಗೆ ಹೊಂದಿಸುವ ಬದಲು, ಕೈಪಂಪಿನಿಂದ 60 ಪೌಂಡ್ ಒತ್ತಡ ಕೊಟ್ಟು, ವರ್ಕ್‌ಶಾಪ್ ಗೇಜಿನೊಂದಿಗೆ ಹೋಲಿಸಿ ಮುಳ್ಳನ್ನು ಕೂರಿಸಿದೆ. ಮುಖ್ಯವಾಗಿ ನಂಬಬೇಕಾದದ್ದು ಆ ಭಾಗದ ಅಂಕಿಗಳನ್ನು. ಉಷ್ಣತೆಯ ಭಾಗದಲ್ಲಿ ಈಥರ್ ತುಂಬಿದ, ಕೂದಲೆಳೆಯಷ್ಟು ಸಣ್ಣ ರಂಧ್ರದ ಕೊಳವೆಯಿರುವುದರಿಂದ ಅದು ಮಡಚಿಕೊಳ್ಳದಂತೆ ಕೆಲಸದುದ್ದಕ್ಕೂ ಎಚ್ಚರ ವಹಿಸಬೇಕಾಯಿತು. ಅದರ ಬಲ್ಬನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಿದೆ, ಸರಿಯಿತ್ತು. ಎತ್ತರದ ಊರುಗಳಲ್ಲಿ ಈ ಪರೀಕ್ಷೆ ಮಾಡುವವರು ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಕಳೆದುಕೊಳ್ಳಬೇಕು.

ಫ್ಯೂಯಲ್ ಗೇಜಿನ ಮುಳ್ಳು ಸದಾ ಮೇಲೆಯೇ ಇರುತ್ತಿದ್ದುದಕ್ಕೆ ಕಾರಣ ಡ್ಯಾಶ್‌ಬೋರ್ಡಿನ ಹಿಂದಿನ ವೋಲ್ಟೇಜ್ ಸ್ಟೆಬಿಲೈಸರ್. ಅದರೊಳಗಿನ, ಎರಡು ಲೋಹಗಳನ್ನು ಬೆಸೆದ ಪಟ್ಟಿ ಬಿಸಿಯಾಗಿ ಬಾಗುತ್ತ, ಸಂಪರ್ಕವನ್ನು ಕಡಿದು ಕೂಡಿಸುತ್ತ, ಸರಾಸರಿ 10 ವೋಲ್ಟ್ ಒದಗಿಸಬೇಕು; ನನ್ನದರಲ್ಲಿ ಸಂಪರ್ಕಬಿಂದುಗಳು ಅಂಟಿಕೊಂಡು ಬ್ಯಾಟರಿಯ ಪೂರ್ತಿ ವೋಲ್ಟೇಜನ್ನೇ ಹರಿಸುತ್ತಿದ್ದವು. ಚಲಿಸುವ ಭಾಗಗಳಿಲ್ಲದ ಎಲೆಕ್ಟ್ರಾನಿಕ್ ಸ್ಟೆಬಿಲೈಸರ್ ಹಾಕಿದೆ. 1967ರ ಕೊನೆಯವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬದಿ ಕಾರಿನ ಲೋಹದ ದೇಹಕ್ಕೆ ಸೇರಿರುತ್ತದೆ. ನೆಗೆಟಿವ್ ಅರ್ಥ್ (ನೆಗೆಟಿವ್ ಬದಿ ದೇಹಕ್ಕೆ ಸೇರಿದ) ಕಾರಿಗೆಂದು ಮಾಡಿದ ಸ್ಟೆಬಿಲೈಸರನ್ನು ಇದಕ್ಕೆ ಜೋಡಿಸಿದರೆ ತಕ್ಷಣ ಸುಟ್ಟುಹೋಗುತ್ತದೆ, ಆದ್ದರಿಂದ ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಮೀಟರ್ ದೀಪಗಳಿಗೆ ಎಲ್ಇಡಿ ಹಾಕುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಟ್ಯಾಕೋಮೀಟರಿನ ಎಲೆಕ್ಟ್ರಾನಿಕ್ಸ್ ಮುಟ್ಟಲಿಲ್ಲ. ಇಗ್ನಿಷನ್ ಕಾಯಿಲಿಗೆ ಹೋಗುವ ಬಿಳಿ ವೈರ್ ಅದರ ಬೆನ್ನಿನಲ್ಲಿ ಒಂದು ಸುತ್ತು ಹಾಕಿ ಹೋಗುತ್ತದೆ, ಮೀಟರ್ ಆ ವಿದ್ಯುತ್ ಪ್ರವಾಹದ ಮಿಡಿತಗಳನ್ನೇ ಎಣಿಸುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ಮೇಲೆ ಈ ಬಗೆಯ ಮೀಟರ್ ಅಡ್ಡಾದಿಡ್ಡಿ ಓದುವುದುಂಟು, ಆಗ ಒಳಗಿನ ಸರ್ಕ್ಯೂಟನ್ನು ವೋಲ್ಟೇಜ್ ಗ್ರಹಿಸುವ ಬಗೆಗೆ ಬದಲಿಸಬೇಕಾಗುತ್ತದೆ. ನನ್ನದು ಇನ್ನೂ ಪಾಯಿಂಟ್ಸ್ (ಕಿಡಿಗಾಗಿ ವಿದ್ಯುತ್ತನ್ನು ಕಡಿಯುವ ಯಾಂತ್ರಿಕ ಸ್ವಿಚ್) ಇರುವ ಕಾರು. ನಾಲ್ಕು ಸಿಲಿಂಡರಿಗೆ ಪ್ರತಿ ಸುತ್ತಿನಲ್ಲೂ ಎರಡು ಕಿಡಿಗಳಾದ್ದರಿಂದ ಸೆಕೆಂಡಿಗೆ 50 ಮಿಡಿತ ಎಂದರೆ ನಿಮಿಷಕ್ಕೆ 1500 ಸುತ್ತು, 100 ಎಂದರೆ 3000. ಸಿಗ್ನಲ್ ಜನರೇಟರಿನಿಂದ ಈ ಎರಡು ಬಿಂದುಗಳನ್ನು ಹೊಂದಿಸಿಕೊಂಡದ್ದಷ್ಟೇ ಕೆಲಸ. ಆಂಮೀಟರ್ (ವಿದ್ಯುತ್ ಪ್ರವಾಹ ಅಳೆಯುವ ಮೀಟರ್) ಸೇರಿಸುವ ಸಲಹೆ ಹಲವರಿಂದ ಬಂದಿತ್ತು. ಚಾರ್ಜಿಂಗಿನ ಪೂರ್ತಿ ಪ್ರವಾಹವನ್ನು ಡ್ಯಾಶ್‌ಬೋರ್ಡಿನ ಹಿಂದೆ ಹಾಯಿಸುವುದು ಬೆಂಕಿಗೆ ದಾರಿ ಮಾಡಿಕೊಟ್ಟಂತೆ. ಅದರ ಬದಲು ವೋಲ್ಟ್‌ಮೀಟರ್ ಹಾಕಿದ್ದೇನೆ. ಎಂಜಿನ್ ನಿಂತಾಗ 12.6, ಓಡುವಾಗ 14ರ ಸುತ್ತಮುತ್ತ ಇದ್ದರೆ ಸಾಕು.

ಸಂಜೆ ರಸ್ತೆಗೆ ಒಯ್ದಾಗ ಎಂಜಿನ್ನಿನ ಸದ್ದು ಅಡಗಿದ್ದರಿಂದಲೇ ಇರಬೇಕು, ಡ್ಯಾಶ್‌ಬೋರ್ಡಿನ ಒಳಗಿನ ಕೀಚಲು ದನಿ ಈಗ ಎದ್ದು ಕೇಳಿಸಿತು. ಕಾರಿನ ವೇಗದೊಂದಿಗೆ ಅದರ ಲಯವೂ ಏರುತ್ತಿತ್ತು, ಜೊತೆಗೆ ಸ್ಪೀಡೋಮೀಟರಿನ ಮುಳ್ಳು ನಡುಗುತ್ತಿತ್ತು. ಕೇಬಲ್ಲನ್ನು ಮೀಟರಿನಿಂದ ಕಳಚಿ ಓಡಿಸಿದಾಗಲೂ ಕೀಚಲು ನಿಲ್ಲದ ಕಾರಣ ದೋಷ ಮೀಟರಿನದಲ್ಲ, ಕೇಬಲ್ಲಿನದೇ. ಒಳತಂತಿಯನ್ನು ಹೊರತೆಗೆದು, ಎರಡೂ ತುದಿ ಹಿಡಿದು ಯು ಆಕಾರದಲ್ಲಿ ಬಾಗಿಸಿ ಬೆರಳುಗಳ ನಡುವೆ ಹೊರಳಿಸಿದಾಗ, ಒಂದು ಕಡೆ ಅದು ಸರಾಗವಾಗಿ ತಿರುಗದೆ ಚಿಮ್ಮಿ ಹೊರಳಿತು, ಅಲ್ಲಿ ಸೊಟ್ಟಗಾಗಿದೆ. ಹೊಸ ತಂತಿ ಬರುವವರೆಗೆ ಇದನ್ನೇ ಒರೆಸಿ, ತೆಳುವಾಗಿ ಗ್ರೀಸ್ ಸವರಿ ಹಾಕಿದ್ದೇನೆ. ಮೇಲಿನ ತುದಿಯ ಕೆಲವು ಇಂಚುಗಳಿಗೆ ಗ್ರೀಸ್ ಮುಟ್ಟಿಸಿಲ್ಲ, ಏಕೆಂದರೆ ತಿರುಗುವ ತಂತಿಯ ಜೊತೆ ಗ್ರೀಸ್ ಮೇಲೇರಿ ಮೀಟರಿನೊಳಗಿನ ಅಯಸ್ಕಾಂತಕ್ಕೂ ಅದರ ಸುತ್ತಲಿನ ಅಲ್ಯೂಮಿನಿಯಂ ಬಟ್ಟಲಿಗೂ ನಡುವೆ ಸೇರಿದರೆ ಮುಳ್ಳು ಅಲ್ಲೇ ಕಚ್ಚಿಕೊಳ್ಳುತ್ತದೆ.

ರಿವರ್ಸಿನಿಂದ ಮುಂದಿನ ಗೇರಿಗೆ ಹಾಕಿ ಹೊರಡುವಾಗ ಹಿಂದಿನಿಂದ ಟಣ್ ಎಂಬ ಒಂದೇ ಒಂದು ಸದ್ದು ಇನ್ನೂ ಬರುತ್ತಿದೆ. ಜಾಕ್ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ತಂತಿಕಡ್ಡಿಗಳ ಚಕ್ರವನ್ನು ಹಿಂದೆ ಮುಂದೆ ಅಲುಗಾಡಿಸಿದಾಗ ಬಲಗಡೆಯ ಹಬ್ ಸ್ಥಿರವಾಗಿದ್ದು ಚಕ್ರ ಮಾತ್ರ ಕೊಂಚ ಆಡಿತು. ಚಕ್ರವನ್ನು ಹಬ್ಬಿಗೆ ಹಿಡಿಸುವ ಸ್ಪ್ಲೈನ್ ಹಲ್ಲುಗಳ ತುದಿ ಚೂಪಾಗಿವೆ, ಹಬ್ ಮತ್ತು ಚಕ್ರ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಸವೆದ ಹಬ್ಬಿಗೆ ಹೊಸ ಚಕ್ರ ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ. ಅಲ್ಲಿಯವರೆಗೆ ಕಾರನ್ನು ಹೊರಗೆ ತೆಗೆಯುವುದಿಲ್ಲ.