ಮನೆಯಲ್ಲೇ ನೋಡಿಕೊಂಡರೆ ಖರ್ಚು ಉಳಿಯುತ್ತದೆಯೇ?

ಅಮ್ಮನನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದೇನೆ ಎಂದ ಕೂಡಲೇ ಬರುವ ಪ್ರಶ್ನೆ ಒಂದೇ: ‘ಹಾಗಾದರೆ ಖರ್ಚು ಉಳಿಯಿತಲ್ಲವೇ?’ ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೂ ನನಗೆ ಮೈ ಉರಿಯುತ್ತದೆ. ಉಳಿದದ್ದು ಯಾರ ಲೆಕ್ಕದಲ್ಲಿ?

ನಾನು ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು. ಹೋದ ಸಂಬಳ, ಮುಂದೆ ನನಗೆ ಬರಬೇಕಿದ್ದ ಪಿಂಚಣಿ, ಅಮ್ಮನನ್ನು ಎತ್ತಿ ಕೂರಿಸಿ ಹಿಡಿದುಕೊಂಡ ಬೆನ್ನು, ಇವಕ್ಕೆಲ್ಲ ಯಾರೂ ರಸೀದಿ ಕೊಡುವುದಿಲ್ಲ. ಜರ್ಮನಿಯಲ್ಲಿ 1995ರಲ್ಲಿ ಆರೈಕೆ ವಿಮೆ, ಅಂದರೆ ತಮ್ಮನ್ನು ತಾವು ನೋಡಿಕೊಳ್ಳಲಾಗದವರ ಆರೈಕೆಗೆ ನೆರವಾಗುವ ವಿಮೆ, ಬಂದಾಗ ಮನೆಯವರೇ ನೋಡಿಕೊಳ್ಳುವುದಾದರೆ ತಿಂಗಳಿಗಿಷ್ಟು ಎಂದು ಭತ್ಯೆ ಇಟ್ಟರು. ವಾರಕ್ಕೆ ನಿಗದಿತ ಗಂಟೆ ಆರೈಕೆ ಮಾಡುವ ಮನೆಯವರ ಪಿಂಚಣಿ ಕಂತನ್ನೂ ವಿಮೆಯೇ ಕಟ್ಟುತ್ತದೆ. 2000ದಲ್ಲಿ ಇಂಥದ್ದೇ ವಿಮೆ ತಂದ ಜಪಾನ್ ಮಾತ್ರ ನಗದು ಬೇಡ, ಸೇವೆ ಸಾಕು ಎಂದಿತು. ಹಣ ಕೊಟ್ಟರೆ ಸೊಸೆಯಂದಿರನ್ನು ಮನೆಯಲ್ಲೇ ಕಟ್ಟಿಹಾಕಲು ಅದೇ ನೆಪವಾಗುತ್ತದೆ ಎಂದು ಅಲ್ಲಿ ಮಹಿಳೆಯರು ವಾದಿಸಿದ್ದರು. ಜಪಾನಿನ ಅಂಜಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಜರ್ಮನಿಯ ಪಿಂಚಣಿ ಕಂತು ಆಸೆ ಹುಟ್ಟಿಸುತ್ತದೆ.

ನಿಜವಾಗಿ ಉಳಿಸಬಹುದಾಗಿದ್ದ ಖರ್ಚು ಮಾತ್ರೆಯ ಚೀಲದಲ್ಲಿತ್ತು. ಅಮ್ಮನಿಗೆ ರಕ್ತದೊತ್ತಡಕ್ಕೆಂದು ಅಮ್ಲೋಡಿಪಿನ್ ಕೊಟ್ಟಿದ್ದರು. ಕೆಲವು ತಿಂಗಳಲ್ಲಿ ಪಾದ ಊದಿತು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಇನ್ನೊಬ್ಬ ವೈದ್ಯರು ಊತ ಇಳಿಯಲೆಂದು ಮೂತ್ರ ಹೆಚ್ಚಿಸುವ ಮಾತ್ರೆ ಬರೆದರು. ರಾತ್ರಿ ನಾಲ್ಕು ಸಲ ಏಳುವಂತಾಗಿ ನಿದ್ದೆ ಕೆಟ್ಟಾಗ ಮೂರನೆಯವರು ನಿದ್ದೆ ಮಾತ್ರೆ ಸೇರಿಸಿದರು. ಆ ಮಂಪರಿನಲ್ಲೇ ಬಚ್ಚಲಿಗೆ ಹೊರಟ ಅಮ್ಮ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ನಾನು ಕೆಲಸ ಬಿಟ್ಟದ್ದು ಅದಾದ ಮೇಲೆ.

ಕಾಲು ಊದುವುದು ಮೊದಲ ಮಾತ್ರೆಯ ಹಳೆಯ, ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ವಯಸ್ಸಾದವರಿಗೆ ಯಾವ ಔಷಧ ಒಗ್ಗದು ಎಂಬ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರು 1991ರಲ್ಲೇ ಮಾಡಿದ್ದರು; ಹಲವು ನಿದ್ದೆ ಮಾತ್ರೆಗಳು ಅದರಲ್ಲಿವೆ. ನಮ್ಮ ಮೂವರು ವೈದ್ಯರಲ್ಲಿ ಒಬ್ಬರೂ ಮೂರು ಚೀಟಿಗಳನ್ನು ಒಟ್ಟಿಗೆ ನೋಡಿರಲಿಲ್ಲ. ನಾನೂ ತೋರಿಸಿರಲಿಲ್ಲ.

ಈಗ ಯಾರ ಬಳಿ ಹೋದರೂ ಇಡೀ ಚೀಲವನ್ನೇ ಮೇಜಿನ ಮೇಲೆ ಸುರಿಯುತ್ತೇನೆ, ಕಣ್ಣಿನ ಹನಿ, ಮನೆಮದ್ದಿನ ಪುಡಿ ಸಮೇತ. ‘ಈ ಹೊಸ ತೊಂದರೆ ಹಳೆಯ ಮಾತ್ರೆಯಿಂದಲೇ ಬಂದಿರಬಹುದೇ? ಇವುಗಳಲ್ಲಿ ಯಾವುದನ್ನು ಬಿಡಬಹುದು?’ ಎಂದು ಕೇಳುತ್ತೇನೆ. ಕೆಲವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ನಾವಾಗಿಯೇ ನಿಲ್ಲಿಸುವುದು ಮಾತ್ರ ಕೂಡದು, ನಿದ್ದೆ ಮಾತ್ರೆಯನ್ನಂತೂ ಹಠಾತ್ತನೆ ಬಿಡುವುದೇ ಅಪಾಯ. ಹನ್ನೊಂದು ಇದ್ದ ಮಾತ್ರೆಗಳು ಹೀಗೆ ಕೇಳಿ ಕೇಳಿ ಆರಕ್ಕೆ ಇಳಿದವು. ವೈದ್ಯರು ನನ್ನ ಮುಖ ನೋಡಿ ‘ಇವರಿಗೆ ಊಟ ಸೇರುತ್ತದೆಯೇ?’ ಎಂದರೆ ‘ಅವರನ್ನೇ ಕೇಳಿ’ ಎನ್ನುತ್ತೇನೆ. ಅಮ್ಮನಿಗೆ ಮಂದವಾಗಿರುವುದು ಕಿವಿ, ಬುದ್ಧಿಯಲ್ಲ.

ಲೆಕ್ಕಕ್ಕೊಂದು ಪುಸ್ತಕವನ್ನೂ ಇಟ್ಟಿದ್ದೇನೆ. ಎಡಪುಟದಲ್ಲಿ ಔಷಧ, ತಪಾಸಣೆಯ ಖರ್ಚು; ಬಲಪುಟದಲ್ಲಿ ನನ್ನ ಗಂಟೆಗಳು. ತಿಂಗಳು ತಿಂಗಳು ತಪ್ಪದೆ ಹಣ ಕಳಿಸುವ ತಮ್ಮ ಒಮ್ಮೆ ಅದನ್ನು ತಿರುವಿಹಾಕುತ್ತ, ‘ಬಲಪುಟ ಕೂಡಿಯೇ ಇಲ್ಲವಲ್ಲ’ ಎಂದ. ‘ನೀನೇ ಕೂಡು’ ಎಂದೆ. ಅರ್ಧಕ್ಕೇ ಪೆನ್ನು ಕೆಳಗಿಟ್ಟ. ಶನಿವಾರ, ಭಾನುವಾರದ ರಾತ್ರಿ ಈಗ ಅವನ ಪಾಳಿ.