ಮುಂದಿನ ಚಕ್ರದ ಕಡೆಯಿಂದ ಮೂರು ಸದ್ದು

11 ಆಗಸ್ಟ್ 2024, ಭಾನುವಾರ
ಮೂಡಿಗೆರೆ ಹತ್ತಿರ, ತೋಟದ ಮನೆ

ಮಳೆ ಬೆಳಿಗ್ಗೆ ಸ್ವಲ್ಪ ಬಿಡುವು ಕೊಟ್ಟಿತು. ಹಾಗಾಗಿ ತೋಟದ ಫೋರ್‌ವೀಲ್ ಪಿಕಪ್ಪಿನ ಸದ್ದು ಎಲ್ಲಿಂದ ಬರುತ್ತಿದೆ ಅಂತ ಇವತ್ತೇ ನೋಡಿಬಿಡೋಣ ಎಂದುಕೊಂಡೆ. ಟೌನಿನ ಒಂದು ಗ್ಯಾರೇಜಿನಲ್ಲಿ ಗಾಡಿಗೆ ಜ್ಯಾಕ್ ಕೂಡ ಹಾಕದೆ, "ಎರಡೂ ಕಡೆ ವೀಲ್ ಬೇರಿಂಗ್ ಹೋಗಿದೆ, ಹೊಸದು ಹಾಕಿಸಿ" ಅಂದಿದ್ದರು. ಇರಬಹುದು, ಇಲ್ಲದೆಯೂ ಇರಬಹುದು. ಮುಂದಿನ ಭಾಗದಲ್ಲಿ ಎಲ್ಲಾ ಕಬ್ಬಿಣವೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತದೆ. ಎಡಗಡೆ ಹುಟ್ಟಿದ ಸದ್ದು ಬಲಗಡೆ ಕೇಳುತ್ತದೆ. ಕೆಳಗೆ ಹುಟ್ಟಿದ್ದು ಡ್ಯಾಶ್‌ಬೋರ್ಡಿನಿಂದ ಬಂದ ಹಾಗಿರುತ್ತದೆ. ಎಲ್ಲಿಂದ ಬರುತ್ತಿದೆ ಅಂತ ಕಿವಿಗೊಟ್ಟು ಕೂತರೆ ತಲೆ ಕೆಡುವುದು ಗ್ಯಾರಂಟಿ. ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅಂತ ನೋಡಬೇಕು.

ಚಿಕ್ಕಪ್ಪನಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಹಳೇ ಜೀಪುಗಳನ್ನು ಘಾಟಿಯಲ್ಲಿ ಓಡಿಸಿದವರು. ನಾನು ಬಾನೆಟ್ ಎತ್ತಲು ಹೋದರೆ ಅಲ್ಲಿಂದಲೇ ಕೂಗಿದರು.

"ಅದನ್ನ ಯಾಕೋ ತೆಗೀತೀಯಾ? ಮೊದಲು ಹಬ್ ಫ್ರೀ ಮಾಡಿ ಒಂದು ರೌಂಡ್ ಹೋಗಿ ಬಾ."

ನಮ್ಮ ಗಾಡಿಯ ಮುಂದಿನ ಚಕ್ರಗಳಲ್ಲಿ ಕೈಯಲ್ಲೇ ತಿರುಗಿಸುವ ಹಬ್ ಲಾಕ್ ಇದೆ, ಚಕ್ರವನ್ನು ಒಳಗಿನ ಶಾಫ್ಟಿಗೆ ಸೇರಿಸುವುದೂ ಬಿಡಿಸುವುದೂ ಅದೇ. ಅದನ್ನು ಫ್ರೀ ಮಾಡಿ ಟೂ ಹೈನಲ್ಲಿ, ಅಂದರೆ ಹಿಂದಿನ ಎರಡು ಚಕ್ರಕ್ಕಷ್ಟೇ ಎಳೆತ ಕೊಟ್ಟು ಓಡಿಸಿದರೆ, ಮುಂದೆ ಚಕ್ರ ಮಾತ್ರ ಉರುಳುತ್ತದೆ. ಚಕ್ರ ತಿರುಗಿಸುವ ಆಕ್ಸಲ್ ಶಾಫ್ಟು, ಎರಡು ಕಡೆಯೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲು, ಅದಕ್ಕೆ ಎಳೆತ ತರುವ ಉದ್ದನೆ ದಂಡ, ಅಂದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟು, ಎಲ್ಲವೂ ಸುಮ್ನೆ ನಿಂತಿರುತ್ತವೆ. ಲಾಕ್ ಮಾಡಿ ಟೂ ಹೈನಲ್ಲೇ ಹೋದರೆ ಅವೆಲ್ಲ ತಿರುಗುತ್ತವೆ, ಆದರೆ ಇಂಜಿನ್ನಿನ ಎಳೆತ ಅವುಗಳ ಮೇಲೆ ಇರುವುದಿಲ್ಲ. ಲಾಕ್ ಮಾಡಿ ಫೋರ್ ಹೈ, ಅಂದರೆ ನಾಲ್ಕೂ ಚಕ್ರದ ಎಳೆತ ಹಾಕಿದರೆ ಎಳೆತವೂ ಬೀಳುತ್ತದೆ. ಒಂದು ಸ್ಪಾನರ್ ಮುಟ್ಟದೆ ಅರ್ಧ ಗಾಡಿಯನ್ನು ಪಟ್ಟಿಯಿಂದ ಕೈಬಿಡಬಹುದು, ಅಲ್ವಾ?

ಕೊಟ್ಟಿಗೆಹಾರದ ಕಡೆ ಖಾಲಿ ರಸ್ತೆಯಲ್ಲಿ ಹೋದೆ. ಆಗ ಗೊತ್ತಾಯಿತು, ಇದು ಒಂದು ಸದ್ದಲ್ಲ, ಮೂರು. ನಿಧಾನಕ್ಕೆ ಹೋಗುವಾಗ "ಕಿರಿಕ್ ಕಿರಿಕ್", ಜೊತೆಗೆ ಕ್ಲಚ್ ಬಿಟ್ಟಾಗ ಒಂದು "ಟಕ್". ಗಂಟೆಗೆ 50 ಕಿಲೋಮೀಟರ್ ದಾಟಿದ ಮೇಲೆ "ಗುಂಯ್" ಅನ್ನುವ ಮೊರೆತ. ಇನ್ನೊಂದು, ತಗಡು ಗೀರಿದ ಹಾಗೆ ಆಗಾಗ "ಸರ್ರ್". ಹಬ್ ಫ್ರೀ ಮಾಡಿದಾಗ ಕಿರಿಕಿರಿ ಪೂರ್ತಿ ನಿಂತಿತು. ಮೊರೆತವೂ ಗೀರುವುದೂ ಹಾಗೇ ಉಳಿದವು. ಮೂರನ್ನೂ ಒಂದೇ ರೋಗ ಅಂದುಕೊಂಡು ಮದ್ದು ಹುಡುಕಿದರೆ ಯಾವ ಗ್ಯಾರೇಜಿನವರಿಗೂ ಸಿಗುವುದಿಲ್ಲ.

ಗೀರುವುದು ಸುಲಭವಾಗಿ ಮುಗಿಯಿತು. ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಒಂದು ಜಲ್ಲಿ ಚೂರು ಸಿಕ್ಕಿಕೊಂಡಿತ್ತು. ಸ್ಕ್ರೂಡ್ರೈವರಿನಲ್ಲಿ ತಗಡನ್ನು ಸ್ವಲ್ಪ ಬಗ್ಗಿಸಿದೆ, ಬಿತ್ತು.

ಮೊರೆತದ ವಿಷಯ ಬೇರೆ. ಗ್ಯಾರೇಜಿನವರು ಬೇರಿಂಗ್ ಅಂದಿದ್ದು ಬಹುಶಃ ಇದನ್ನೇ ಕೇಳಿ. ಬೇರಿಂಗ್ ಹೋಗಿದ್ದರೆ ಗಾಡಿಯನ್ನು ಮೆಲ್ಲಗೆ ಆಚೀಚೆ ತೂಗಿದಾಗ ಸದ್ದು ಬದಲಾಗಬೇಕು. ಬಲಕ್ಕೆ ತಿರುಗಿಸಿದರೆ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ, ಎಡಕ್ಕೆ ತಿರುಗಿಸಿದರೆ ಬಲ ಚಕ್ರದ ಮೇಲೆ. ಇಲ್ಲಿ ಹಾಗೇನೂ ಆಗಲಿಲ್ಲ. ಆದರೆ ಡಾಂಬರು ಮುಗಿದು ಮಣ್ಣಿನ ದಾರಿ ಶುರುವಾದ ಕೂಡಲೇ ಮೊರೆತ ಮಾಯ. ಬೇರಿಂಗಿಗೆ ಡಾಂಬರು ಯಾವುದು, ಮಣ್ಣು ಯಾವುದು ಅಂತ ಏನು ಗೊತ್ತು? ಮನೆಗೆ ಬಂದು ಮುಂಭಾಗಕ್ಕೆ ಜ್ಯಾಕ್ ಕೊಟ್ಟೆ. ಸ್ಟ್ಯಾಂಡ್ ಇಟ್ಟು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಚಕ್ರದ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದೆ. ಆಟ ಇಲ್ಲ. ಎಡ ಬಲ ಹಿಡಿದು ಅಲ್ಲಾಡಿಸಿದೆ, ಸ್ಟಿಯರಿಂಗ್ ಜಾಯಿಂಟೂ ಬಿಗಿಯಾಗಿದೆ. ಸ್ಪ್ರಿಂಗ್ ಮೇಲೆ ಕೈಯಿಟ್ಟು ಚಕ್ರ ತಿರುಗಿಸಿದರೆ ಒರಟು ನಡುಕ ಕೈಗೆ ತಿಳಿಯಬೇಕು, ಅದೂ ಇಲ್ಲ. ಟೈರಿನ ಮೇಲೆ ಅಂಗೈ ಸವರಿದೆ. ಒಂದು ದಿಕ್ಕಿಗೆ ನುಣುಪು, ವಾಪಸ್ ಬರುವಾಗ ಗರಗಸ. ದಪ್ಪ ಹಲ್ಲಿನ ಮಣ್ಣು ಟೈರು, ಒಂದೊಂದು ಹಲ್ಲೂ ಓರೆಯಾಗಿ ಸವೆದಿತ್ತು. ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿದೆ.

ಉಳಿದದ್ದು ಕಿರಿಕಿರಿ. ಇದೇ ಮಜಾ ಇರುವ ಸದ್ದು.

ಹಬ್ ಫ್ರೀ ಮಾಡಿದರೆ ನಿಲ್ಲುತ್ತದೆ ಅಂದರೆ ಹಬ್ಬಿನಿಂದ, ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನವರೆಗೆ ಎಲ್ಲೋ ಇದೆ. ಅಲ್ಲಿ ಎರಡು ಅನುಮಾನ. ಚಕ್ರದ ಹತ್ತಿರದ ಆಕ್ಸಲ್ ಜಾಯಿಂಟ್, ಇಲ್ಲಾ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕ್ರಾಸ್, ಅಂದರೆ ನಾಲ್ಕು ಕಾಲಿನ, ಕಾಲಿಗೊಂದು ಕ್ಯಾಪ್ ಇರುವ ಜಾಯಿಂಟ್. ಆಕ್ಸಲ್ ಜಾಯಿಂಟ್ ಆಗಿದ್ದರೆ ಪೂರ್ತಿ ತಿರುಗಿಸಿದಾಗ ಜೋರಾಗಬೇಕಿತ್ತು. ನೇರವಾಗಿ ಹೋಗುವಾಗಲೂ ಅಷ್ಟೇ ಬರುತ್ತಿತ್ತು. ಇನ್ನೊಂದು ಲೆಕ್ಕವೂ ಇದೆ. ಆಕ್ಸಲ್ ಶಾಫ್ಟು ಚಕ್ರದ ಜೊತೆಗೇ ತಿರುಗುತ್ತದೆ, ಚಕ್ರ ಒಂದು ಸುತ್ತು ಬಂದರೆ ಅದೂ ಒಂದು ಸುತ್ತು. ಪ್ರೊಪೆಲ್ಲರ್ ಶಾಫ್ಟು ಹಾಗಲ್ಲ. ನಡುವೆ ಕ್ರೌನ್ ಪಿನಿಯನ್ ಅನ್ನುವ ದೊಡ್ಡ-ಸಣ್ಣ ಗೇರಿನ ಜೋಡಿ ಇರುವುದರಿಂದ ಚಕ್ರದ ಒಂದು ಸುತ್ತಿಗೆ ಅದು ನಾಲ್ಕು ಸುತ್ತಿಗಿಂತ ಜಾಸ್ತಿ ತಿರುಗುತ್ತದೆ. ಟೈರಿಗೆ ಸೀಮೆಸುಣ್ಣದ ಗೆರೆ ಎಳೆದು, ತಮ್ಮನಿಗೆ ಮೊದಲ ಗೇರಿನಲ್ಲಿ ನಡಿಗೆಯ ವೇಗದಲ್ಲಿ ಓಡಿಸಲು ಹೇಳಿ, ಪಕ್ಕದಲ್ಲೇ ನಡೆದೆ. ಗೆರೆ ಒಂದು ಸಲ ಕೆಳಗೆ ಬಂದು ಹೋಗುವಷ್ಟರಲ್ಲಿ ಕಿರಿಕ್ ನಾಲ್ಕು ಸಲ ಕೇಳಿತು. ಅಲ್ಲಿಗೆ ಅನುಮಾನ ಮುಗಿಯಿತು.

ಕೆಳಗೆ ಮಲಗಿ ಶಾಫ್ಟನ್ನು ಕೈಯಲ್ಲಿ ತಿರುವಿದರೆ ಹಿಂದಿನ ತುದಿಯ ಕ್ರಾಸ್ ಕ್ಯಾಪಿನ ಸುತ್ತ ಕೆಂಪು ಪುಡಿ. ಒಳಗೆ ನೀರು ಹೋಗಿ ಸೂಜಿ ಬೇರಿಂಗ್ ತುಕ್ಕು ಹಿಡಿದರೆ ಹೀಗೆ ಹೊರಗೆ ಬರುತ್ತದೆ. ಗ್ರೀಸ್ ಗನ್ ಹಾಕಿ ಒತ್ತಿದೆ. ಮೂರು ಕ್ಯಾಪಿನಲ್ಲಿ ಗ್ರೀಸ್ ಹೊರಗೆ ಬಂತು, ನಾಲ್ಕನೆಯದರಲ್ಲಿ ಬರಲೇ ಇಲ್ಲ. ಬರೀ ಗ್ರೀಸಿನಿಂದ ಇದು ಹೋಗುವುದಲ್ಲ.

"ಬಿಚ್ಚೋಕೆ ಮುಂಚೆ ಗುರುತು ಹಾಕ್ಕೋ" ಅಂದರು ಚಿಕ್ಕಪ್ಪ. ಕ್ರಾಸ್ ಓರೆಯಾಗಿ ಕೆಲಸ ಮಾಡುವಾಗ ಶಾಫ್ಟು ಒಂದೇ ಸಮನೆ ತಿರುಗುವುದಿಲ್ಲ. ಒಂದೊಂದು ಸುತ್ತಿನಲ್ಲಿ ಎರಡು ಸಲ ಚುರುಕಾಗಿ, ಎರಡು ಸಲ ನಿಧಾನವಾಗುತ್ತದೆ. ಇನ್ನೊಂದು ತುದಿಯ ಕ್ರಾಸ್ ಅದನ್ನು ಸರಿದೂಗಿಸುತ್ತದೆ. ಅದಕ್ಕೆ ಎರಡೂ ತುದಿಯಲ್ಲಿ ಕ್ರಾಸ್ ಹಿಡಿಯುವ ಫೋರ್ಕು ಒಂದೇ ಸಾಲಿನಲ್ಲಿರಬೇಕು. ನಡುವಿನ ಜಾರುವ ಭಾಗವನ್ನು ಎಳೆದು ತೆಗೆದು ಒಂದು ಹಲ್ಲು ತಪ್ಪಿಸಿ ಕೂರಿಸಿದರೂ ಹೊಸ ಕ್ರಾಸ್ ಹಾಕಿದ ಗಾಡಿ ಗಡಗಡ ನಡುಗುತ್ತದೆ. ಎರಡು ಕಡೆಯೂ ಬಿಳಿ ಪೇಂಟಿನ ಚುಕ್ಕೆ ಇಟ್ಟೆ.

ಕ್ಯಾಪ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ತೆಗೆಯುವುದೇ ದೊಡ್ಡ ಕೆಲಸವಾಯಿತು. ಡೀಸೆಲ್ ಬಿಟ್ಟು ಕಾದು, ವೈಸಿನಲ್ಲಿ ಒತ್ತಿದ ಮೇಲೆ ಕ್ಯಾಪ್ ಬಂತು. ಒಳಗೆ ಸೂಜಿಗಳು ಅರ್ಧ ಪುಡಿ. ಕ್ರಾಸಿನ ಕಾಲಿನ ಮೇಲೆ ಸೂಜಿ ಕೂತ ಜಾಗದಲ್ಲೆಲ್ಲ ಗೆರೆ ಬಿದ್ದಿತ್ತು. ಮಳೆಗಾಲ ಪೂರ್ತಿ ಹಬ್ ಲಾಕ್ ಮಾಡಿಯೇ ಇಟ್ಟು, ದಿನಾ ಹಳ್ಳ ದಾಟಿಸಿದರೆ ಇನ್ನೇನಾಗುತ್ತದೆ? ಬಿಡಿಭಾಗದ ಕಿಟ್ ತಮ್ಮ ಹೋಗಿ ತಂದ. ಅದನ್ನು ಕೂರಿಸಿದ ಮೇಲೆ ಕಿರಿಕೂ ಇಲ್ಲ, ಟಕ್ ಕೂಡ ಇಲ್ಲ. ಮೊರೆತ ಈಗ ಹಿಂದಿನಿಂದ ಬರುತ್ತಿದೆ. ಟೈರಿನದೇ ಅಂತ ಇನ್ನು ಯಾರಿಂದಲೂ ಹೇಳಿಸಿಕೊಳ್ಳಬೇಕಾಗಿಲ್ಲ.

ಸಂಜೆ ನೋಡಲು ಬಂದ ಪಕ್ಕದ ತೋಟದವರು, "ನಮ್ಮ ಗಾಡೀಲೂ ತಿರುವಿನಲ್ಲಿ ಕಟಕಟ ಅಂತದೆ" ಅಂದರು. ಕೇಳಿದರೆ ಡಾಂಬರಿನ ಮೇಲೂ ಫೋರ್ ಹೈನಲ್ಲೇ ಓಡಿಸುತ್ತಾರಂತೆ. ನಮ್ಮಂಥ ಗಾಡಿಗಳಿಗೆ ಮುಂದೆ ಹಿಂದೆ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಕ್ಕೆ ದಾರಿ ಜಾಸ್ತಿ, ಹಿಂದಿನದಕ್ಕೆ ಕಮ್ಮಿ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲು ಆಗದೆ ಗಾಡಿ ಬಿಗಿದುಕೊಂಡು ಕುಪ್ಪಳಿಸುತ್ತದೆ. ಅದು ಕೆಟ್ಟಿದ್ದಲ್ಲ, ಲಿವರ್ ಸರಿಸಿದರೆ ಆಯಿತು. ಅವರಿಗೆ ಅಷ್ಟು ಸುಲಭದ ಉತ್ತರ ಇಷ್ಟವಾದ ಹಾಗೆ ಕಾಣಲಿಲ್ಲ.

ಗಾಡಿ ಕೆಳಗೆ ಮಲಗಿದ್ದಾಗಲೇ ಮುಂದಿನ ಆಕ್ಸಲ್ ಹೌಸಿಂಗಿನ ಬ್ರೀದರ್, ಅಂದರೆ ಗಾಳಿ ಆಡುವ ಕಿಂಡಿ, ಊದಿ ನೋಡಿದೆ, ಮಣ್ಣು ಕಟ್ಟಿಕೊಂಡಿತ್ತು. ಬಿಸಿಯಾದ ಹೌಸಿಂಗ್ ತಣ್ಣನೆ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಪ್ಲಗ್ ಸಡಿಲಿಸಿದಾಗ ಬಂದ ಎಣ್ಣೆ ಸ್ವಲ್ಪ ಬೆಳ್ಳಗಿತ್ತು, ನೀರು ಸೇರಿದೆ ಅಂತ ಅರ್ಥ. ನಾಳೆ ಟೌನಿಗೆ ಹೋದಾಗ ಗೇರ್ ಆಯಿಲ್ ತರಬೇಕು, ಜೊತೆಗೆ ಬ್ರೀದರಿಗೆ ಉದ್ದನೆಯ ರಬ್ಬರ್ ಪೈಪು. ಮಳೆ ಮತ್ತೆ ಶುರುವಾಯಿತು.