ನಮ್ಮ ತೋಟದ ಹೂ, ಯಾರದ್ದೋ ಹೋಂಸ್ಟೇ

ಮೈಸೂರಿನ ಗೆಳತಿ ಬೆಳಿಗ್ಗೆ ಒಂದು ಹೋಂಸ್ಟೇ ಜಾಹೀರಾತು ಕಳಿಸಿ, "ಇದು ನಿಮ್ಮ ತೋಟ ಅಲ್ವಾ?" ಎಂದು ಕೇಳಿದಳು. ಹೌದು, ನಮ್ಮದೇ. ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ರೊಬಸ್ಟಾ ಕಾಫಿ ಗಿಡಗಳೆಲ್ಲ ಬೆಳ್ಳಗಾಗಿದ್ದಾಗ ತೆಗೆದ ಫೋಟೋ. ಆ ಹೂ ಇರುವುದೇ ಮೂರ್ನಾಲ್ಕು ದಿನ. ಬೆಳಗಿನ ಆರೂವರೆಗೇ ಜೇನುನೊಣಗಳ ಮಧ್ಯೆ ನಿಂತಿದ್ದೆ. ಮೂಲೆಯಲ್ಲಿದ್ದ ನನ್ನ ಹೆಸರು ಕತ್ತರಿಸಿ, ಅಲ್ಲೇ ಒಂದು ರಾತ್ರಿಯ ಬಾಡಿಗೆ ಬರೆದಿದ್ದಾರೆ!

ಹೋಂಸ್ಟೇಯವರಿಗೆ ಫೋನ್ ಮಾಡಿದೆ. "ನೆಟ್‌ನಲ್ಲಿ ಸಿಕ್ತು ಮೇಡಂ, ಎಲ್ಲರೂ ಹಾಕ್ತಾರಲ್ಲ" ಎಂದರು. ಬೇಲಿಯಾಚೆ ಬಾಗಿದ ಕಿತ್ತಳೆ ಕಿತ್ತುಕೊಂಡಷ್ಟೇ ಸಲೀಸು.

ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಸುಮ್ನೆ ಆಸೆಗೆ ತೆಗೆದ ಫೋಟೋ ಮೇಲೂ ತೆಗೆದವರಿಗೇ ಹಕ್ಕು. ನೋಂದಣಿ ಕಡ್ಡಾಯವಲ್ಲ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟೆ, ಲಿಂಕ್ ಬರೆದುಕೊಂಡೆ. ಅಳಿಸಿಬಿಟ್ಟರೆ ಸಾಕ್ಷಿ ಎಲ್ಲಿಂದ ತರೋದು? ಕತ್ತರಿಸದ ಮೂಲ ಫೈಲ್ ಪುಣ್ಯಕ್ಕೆ ಮೆಮೊರಿ ಕಾರ್ಡಿನಲ್ಲೇ ಇತ್ತು, ದಿನಾಂಕ, ಗಂಟೆ ಸಮೇತ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ ಪ್ರತಿಯಲ್ಲಿ ಆ ವಿವರ ಉಳಿಯುವುದಿಲ್ಲ.

ಜಾಹೀರಾತು ಹಾಕಿದ ಜಾಲತಾಣಕ್ಕೂ ಲಿಖಿತ ದೂರು ಕೊಟ್ಟಿದ್ದೇನೆ. ದೂರು ಸರಿಯಿದ್ದರೆ ಅವರು 36 ಗಂಟೆಯೊಳಗೆ ಆ ಫೋಟೋ ತಡೆಹಿಡಿಯಬೇಕು. 21 ದಿನದಲ್ಲಿ ನಾನು ಕೋರ್ಟ್ ಆದೇಶ ತರದಿದ್ದರೆ ಮತ್ತೆ ಹಾಕಬಹುದಂತೆ. ಒಂದು ಫೋಟೋಗೆ ಕೋರ್ಟಾ!

ಕೇಳಿದ್ದರೆ ಸುಮ್ನೆ ಕೊಡುತ್ತಿದ್ದೆ, ನಿಜವಾಗಿ. ಈಗ ನನಗೆ ಜಾಸ್ತಿ ಕಾಡುತ್ತಿರುವುದು ಬೇರೆಯೇ. ಆ ಫೋಟೋ ನೋಡಿ ಈ ಜುಲೈನಲ್ಲಿ ಯಾರಾದರೂ ಬುಕ್ ಮಾಡಿದರೆ, ಸುರಿಯೋ ಮಳೆಯಲ್ಲಿ ಕಾಫಿ ಹೂ ಎಲ್ಲಿ ಅಂತ ಹುಡುಕುತ್ತಾರೋ.